ಆಟ ನೋಡಲೆಂದೇ ವಿದೇಶಕ್ಕೆ: ಮೊದಲ ಸಲ ಎಲ್ಲಿಗೆ ಹೋಗೋದು?

ಆಟೋನಗರ_ಆಫ್‌ಸ್ಪಿನ್, ಬೆಳಗಾವಿ

ನಮಸ್ಕಾರ್ರೀ ಎಲ್ಲರಿಗೂ. ನಾವು ಭಾನುವಾರ ಬೆಳಿಗ್ಗೆ ಟೆನಿಸ್ ಬಾಲ್ ಆಡುವ ಗೆಳೆಯರು. ಆಟ ಮುಗಿಸಿ ಚಹಾ ಕುಡಿಯುವಾಗ ಎದ್ದ ಮಾತು ಈಗ ಗಟ್ಟಿಯಾಗಿದೆ. 2027ರ ಕ್ರಿಕೆಟ್ ವಿಶ್ವಕಪ್‌ಗೆ ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕು ಅಂತ ಭಿಶಿ (ಚೀಟಿ) ಹಾಕುತ್ತಿದ್ದೇವೆ. ನಮ್ಮಲ್ಲಿ ಯಾರೂ ಇದುವರೆಗೆ ದೇಶ ಬಿಟ್ಟು ಹೋದವರಲ್ಲ, ಇಬ್ಬರ ಹತ್ತಿರ ಪಾಸ್‌ಪೋರ್ಟೂ ಇಲ್ಲ.

ಈಗ ಊರಿನ ಒಬ್ಬ ಏಜೆಂಟರು "ಭಾರತದ ಮ್ಯಾಚ್ ಗ್ಯಾರಂಟಿ, ಅರ್ಧ ದುಡ್ಡು ಕಟ್ಟಿ ಸೀಟು ಹಿಡಿದುಬಿಡಿ" ಅನ್ನುತ್ತಿದ್ದಾರೆ. ಕಟ್ಟಬಹುದಾ? ಹೋಗಿ ಬಂದವರು ಯಾರಾದರೂ ಹೇಳಿ. ಬರೀ ಖರ್ಚಿನ ಲೆಕ್ಕ ಬೇಡ, ಅಲ್ಲಿ ಕೂತು ನೋಡುವುದು ಹೇಗಿರುತ್ತದೆ ಅನ್ನೋದನ್ನೂ ಹೇಳಿ.

ಐದನೇ_ದಿನ, ಟಿಳಕವಾಡಿ

ಕಟ್ಟಬೇಡಿ. ಯಾವ ಊರು, ಯಾವ ದಿನ, ಯಾವ ಸ್ಟ್ಯಾಂಡ್ ಎಂದು ಕಾಗದದಲ್ಲಿ ಬರೆದುಕೊಡದವರ ಗ್ಯಾರಂಟಿ ಗ್ಯಾರಂಟಿಯೇ ಅಲ್ಲ. ನಮ್ಮ ಸಂಬಂಧಿಕರೊಬ್ಬರು ಹಿಂದೊಂದು ವಿಶ್ವಕಪ್ ಹೊತ್ತಿಗೆ ಹೀಗೇ ಕಟ್ಟಿ, ಹೋಟೆಲ್ ಸಿಕ್ಕು ಟಿಕೆಟ್ ಸಿಗದೆ, ಹೋಟೆಲ್ ರೂಮಿನ ಟಿವಿಯಲ್ಲಿ ಮ್ಯಾಚ್ ನೋಡಿ ಬಂದರು. ದುಡ್ಡು ವಾಪಸ್ ಬರಲಿಲ್ಲ. ಐಸಿಸಿ ಟೂರ್ನಿಗಳ ಟಿಕೆಟ್ ಅವರದೇ ವೆಬ್‌ಸೈಟಿನಲ್ಲಿ ಹಂತ ಹಂತವಾಗಿ ಬಿಡುತ್ತಾರೆ. ಪ್ಯಾಕೇಜೇ ಬೇಕೆಂದರೆ ಅದನ್ನು ಮಾರಲು ಅಧಿಕಾರ ಪಡೆದವರ ಹೆಸರೂ ಅಲ್ಲೇ ಸಿಗುತ್ತದೆ. ಅದರಲ್ಲಿ ಇಲ್ಲದವರಿಗೆ ಒಂದು ರೂಪಾಯಿ ಕೊಡಬೇಡಿ.

ಇನ್ನು ನನ್ನ ಮನಸ್ಸಿನ ಮಾತು. ಮೊದಲ ಸಲವೇ ವಿಶ್ವಕಪ್‌ಗೆ ಹೋಗಬೇಡಿ. ಮೊದಲು ಶ್ರೀಲಂಕಾದ ಗಾಲೆಗೆ ಹೋಗಿ, ಒಂದು ಟೆಸ್ಟ್ ಪಂದ್ಯ ಪೂರ್ತಿ ನೋಡಿ. ಭಾರತವೇ ಆಡುತ್ತಿರಬೇಕು ಅಂತಲೂ ಇಲ್ಲ.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ. ಹತ್ತಿ ಕೂತು ಏನೋ ತಿನ್ನುವಷ್ಟರಲ್ಲಿ ಇಳಿಯುವ ಹೊತ್ತಾಗುತ್ತದೆ. ಆ ದೇಶದೊಳಗೆ ಹೋಗಲು ಬೇಕಾದ ಇಟಿಎ ಅನುಮತಿಯನ್ನು ಆನ್‌ಲೈನ್‌ನಲ್ಲೇ ಪಡೆಯಬಹುದು. ಅದರ ಶುಲ್ಕ, ನಿಯಮ ಆಗಾಗ ಬದಲಾಗುತ್ತವೆ, ಹಾಗಾಗಿ ಅಲ್ಲಿನ ಸರ್ಕಾರಿ ತಾಣದಲ್ಲೇ ನೋಡಿ, ಅದರಂತೆಯೇ ಕಾಣುವ ಬೇರೆ ತಾಣಗಳು ಜಾಸ್ತಿ ಇವೆ. ಕೊಲಂಬೊ ಫೋರ್ಟ್ ಸ್ಟೇಷನ್‌ನಿಂದ ಗಾಲೆಗೆ ರೈಲು ಹಿಡಿಯಿರಿ. ಹಳಿ ಸಮುದ್ರದ ಪಕ್ಕದಲ್ಲೇ ಹೋಗುತ್ತದೆ, ಬಲಗಡೆ ಕಿಟಕಿ ಹಿಡಿದರೆ ಇನ್ನೂ ಒಳ್ಳೆಯದು. ಗಾಲೆ ಸ್ಟೇಷನ್‌ನಲ್ಲಿ ಇಳಿದು ನಡೆದುಕೊಂಡೇ ಮೈದಾನ ಸೇರಬಹುದು.

ಮೈದಾನದ ಎದುರಿಗೇ ಕೋಟೆ. ಪೋರ್ಚುಗೀಸರು ಶುರು ಮಾಡಿ ಡಚ್ಚರು ಬಲಪಡಿಸಿದ ಕೋಟೆ ಅದು, 1988ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಗೋಡೆಯ ಮೇಲೆ ನಿಂತರೆ ಪಿಚ್ ಪೂರ್ತಿ ಕಾಣುತ್ತದೆ, ಜನ ಅಲ್ಲೇ ಕೊಡೆ ಹಿಡಿದು ಕೂತು ಟೆಸ್ಟ್ ನೋಡುತ್ತಾರೆ. 2010ರ ಜುಲೈನಲ್ಲಿ ಲಂಕಾದ ಸ್ಪಿನ್ನರ್ ಮುರಳೀಧರನ್ ಭಾರತದ ಮೇಲೆ ತಮ್ಮ 800ನೇ ವಿಕೆಟ್ ತೆಗೆದದ್ದು ಇದೇ ಮೈದಾನದಲ್ಲಿ. ಅದಕ್ಕೂ ಮೊದಲು, 2004ರ ಡಿಸೆಂಬರಿನ ಸುನಾಮಿಯಲ್ಲಿ ಇದು ಪೂರ್ತಿ ಹಾಳಾಗಿ, ಮತ್ತೆ ಕಟ್ಟಿ, 2007ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಪಂದ್ಯದೊಂದಿಗೆ ತೆರೆದರು. ಅಲ್ಲಿನ ಆಟೋದವರು, ಕಬ್ಬಿನ ಹಾಲಿನ ಅಂಗಡಿಯವರು ಯಾರನ್ನು ಮಾತಾಡಿಸಿದರೂ ಆ ವಿಕೆಟ್ಟಿನ ದಿನ, ಸುನಾಮಿಯ ದಿನ ಎರಡರ ಕಥೆಯನ್ನೂ ಹೇಳುತ್ತಾರೆ.

ಕೂತು ನೋಡುವುದು ಹೇಗಿರುತ್ತದೆ ಅಂದಿರಲ್ಲ. ಟಿವಿಯಲ್ಲಿ ನಾವು ನೋಡುವುದು ಚೆಂಡನ್ನು ಮಾತ್ರ. ಅಲ್ಲಿ ಎರಡು ಚೆಂಡಿನ ನಡುವೆ ಏನಾಗುತ್ತದೆ ಅನ್ನೋದು ಕಾಣುತ್ತದೆ. ಸ್ಪಿನ್ನರ್ ಓವರ್ ಶುರು ಮಾಡುವ ಮುಂಚೆ ಕ್ಯಾಪ್ಟನ್ ಶಾರ್ಟ್ ಲೆಗ್‌ನವನನ್ನು ಅರ್ಧ ಹೆಜ್ಜೆ ಸರಿಸುತ್ತಾನೆ, ಮಿಡ್‌ವಿಕೆಟ್ ಖಾಲಿ ಬಿಡುತ್ತಾನೆ, ಬ್ಯಾಟ್ಸ್‌ಮನ್ ಆ ಖಾಲಿ ಜಾಗವನ್ನು ನೋಡಿಯೂ ನೋಡದಂತೆ ಗ್ಲೌಸ್ ಬಿಗಿದುಕೊಳ್ಳುತ್ತಾನೆ. ಹೊಡೆಯಲಿ ಅಂತ ಬಿಟ್ಟ ಜಾಗ ಅದು ಅಂತ ನಿಮಗೂ ಗೊತ್ತು, ಅವನಿಗೂ ಗೊತ್ತು. ನಾಲ್ಕು ಓವರ್ ಸುಮ್ನೆ ತಡೆಯುತ್ತಾನೆ. ಐದನೇ ಓವರಿನಲ್ಲಿ ತಡೆಯೋಕಾಗಲ್ಲ. ಅದನ್ನು ಮೊದಲೇ ಊಹಿಸಿ ಕೂತವನಿಗೆ ಸಿಗುವ ಖುಷಿ ಬೇರೆಯೇ.

ಮಳೆ ಬಂದರೂ ಎದ್ದು ಹೋಗಬೇಡಿ. ಬೇರೆ ಕಡೆ ಪಿಚ್ ಮತ್ತು ಅದರ ಸುತ್ತ ಮುಚ್ಚುತ್ತಾರೆ, ಲಂಕಾದಲ್ಲಿ ಇಡೀ ಮೈದಾನ ಮುಚ್ಚುತ್ತಾರೆ. ಒಂದು ಹನಿ ಬಿದ್ದರೆ ಸಾಕು, ಹತ್ತಾರು ಜನ ಬರಿಗಾಲಲ್ಲಿ ಓಡಿ ಬಂದು, ಸಾಲಾಗಿ ನಿಂತು, ಒಂದೇ ದನಿಯಲ್ಲಿ ಕೂಗುತ್ತಾ ಆ ಭಾರೀ ಹೊದಿಕೆಗಳನ್ನು ಎಳೆಯುತ್ತಾರೆ. ಮಳೆ ನಿಂತ ಮೇಲೆ ಬೇಗ ಆಟ ಶುರುವಾಗುವುದು ಅವರ ರಟ್ಟೆಯ ಬಲದಿಂದ.

ಘಟಪ್ರಭಾ_ದಂಡೆ, ಮುಧೋಳ

ಐದನೇ ದಿನ ಅವರೇ, ಓದಿ ಗಾಲೆ ಕಣ್ಣಿಗೆ ಕಟ್ಟಿತು. ನನ್ನದು ಎರಡು ಪ್ರಶ್ನೆ. ನಾನು ಕಬ್ಬು ಬೆಳೆಯುವವನು. ವಿಶ್ವಕಪ್ ಅಕ್ಟೋಬರ್-ನವೆಂಬರ್ ಅಂತಾರೆ, ನಮಗೆ ಅದು ಕಾರ್ಖಾನೆ ಶುರುವಾಗುವ ಹೊತ್ತು, ಕಟಾವಿನ ಗ್ಯಾಂಗ್ ಹುಡುಕುವ ಹೊತ್ತು, ಊರು ಬಿಡೋಕೆ ಆಗಲ್ಲ. ಜೂನ್-ಜುಲೈನಲ್ಲಿ ನೋಡುವಂಥ ಆಟ ಯಾವುದಾದರೂ ಇದೆಯಾ, ಕ್ರಿಕೆಟ್ಟೇ ಆಗಬೇಕಂತಿಲ್ಲ. ಎರಡನೆಯದು, ನಮಗೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಇಲ್ಲ. ಒಕ್ಕಲುತನದವರಿಗೆ ವೀಸಾ ಕೊಡ್ತಾರಾ?

ಗಾಲಿ_ವಿಜಯಪುರ

ಅಣ್ಣಾ, ಜುಲೈ ಅಂದರೆ ಟೂರ್ ಡಿ ಫ್ರಾನ್ಸ್. ಟಿಕೆಟ್ಟೇ ಬೇಕಿಲ್ಲ. ರಸ್ತೆ ಬದಿ ನಿಂತರೆ ಆಯಿತು. ಜಗತ್ತಿನ ಅತಿ ದೊಡ್ಡ ಸೈಕಲ್ ರೇಸನ್ನು ದುಡ್ಡು ಕೊಡದೆ ಎರಡಡಿ ದೂರದಿಂದ ನೋಡಬಹುದು.

ನಮ್ಮ ಜಿಲ್ಲೆಯವರಿಗೆ ಸೈಕಲ್ ಹುಚ್ಚು ಹೊಸದಲ್ಲ. ವಿಜಯಪುರ, ಬಾಗಲಕೋಟೆಯ ಕ್ರೀಡಾ ಹಾಸ್ಟೆಲ್‌ಗಳ ಹುಡುಗರು, ಚಂದರಗಿ ಕ್ರೀಡಾ ಶಾಲೆಯ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಲೇ ಇದ್ದಾರೆ. ಆದರೂ ನಮ್ಮಲ್ಲಿ ಟೂರ್ ನೋಡಿ ಬಂದವರು ಬಹಳ ಕಮ್ಮಿ. ಅಕ್ಕನ ಮಗ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಓದುತ್ತಿದ್ದ, ಅವನಿದ್ದಾನೆ ಅನ್ನುವ ಧೈರ್ಯದ ಮೇಲೆ ನಾನು ಹೋದೆ.

ಒಂದು ಮಾತು ಮೊದಲೇ ಹೇಳ್ತೀನಿ. ಬಯಲು ರಸ್ತೆಯಲ್ಲಿ ನಿಲ್ಲಬೇಡಿ. ಇಡೀ ಗುಂಪು ಒಂದು ನಿಮಿಷದೊಳಗೆ ಸರ್ರಂತ ಹೋಗಿಬಿಡುತ್ತದೆ, ಯಾರು ಯಾರಂತ ತಿಳಿಯಲ್ಲ. ಘಟ್ಟ ಹತ್ತಿ ನಿಲ್ಲಿ. ಗ್ರೆನೋಬಲ್‌ನಿಂದ ಬೂರ್ಗ್ ದ್ವಾಜಾನ್ ಅನ್ನುವ ಪೇಟೆಗೆ ಬಸ್ ಇದೆ, ಅದರ ತಲೆಯ ಮೇಲೇ ಆಲ್ಪ್ ದ್ಯುಯೆಜ್. 13.8 ಕಿಲೋಮೀಟರ್ ಏರು, 21 ತಿರುವು, ಸರಾಸರಿ ಶೇಕಡಾ 8ರಷ್ಟು ಕಡಿದು. ತಿರುವುಗಳಿಗೆ ಕೆಳಗಿನಿಂದ 21, 20, 19 ಅಂತ ಇಳಿಯುವ ನಂಬರ್ ಕೊಟ್ಟಿದ್ದಾರೆ, ಪ್ರತಿ ಫಲಕದ ಮೇಲೂ ಅಲ್ಲಿ ಗೆದ್ದವರ ಹೆಸರಿದೆ. ಈ ಘಟ್ಟ ಪ್ರತಿ ವರ್ಷ ಇರಲ್ಲ, ದಾರಿ ಬದಲಾಗುತ್ತಿರುತ್ತದೆ. 2026ರ ದಾರಿಯಲ್ಲಿ ಇದನ್ನು ಒಂದರ ಹಿಂದೊಂದು ದಿನ ಎರಡು ಸಲ ಇಟ್ಟರು. ಯಾವ ವರ್ಷ ಹೋಗುತ್ತೀರೋ ಆ ವರ್ಷದ ಮಾರ್ಗ ನೋಡಿ ಘಟ್ಟ ಆರಿಸಿಕೊಳ್ಳಿ. ಹಿಂದಿನ ವರ್ಷದ ಅಕ್ಟೋಬರಿನಲ್ಲೇ ಮಾರ್ಗ ಹೇಳಿಬಿಡುತ್ತಾರೆ.

ರೇಸಿನ ದಿನ ರಸ್ತೆ ಬೇಗ ಮುಚ್ಚುತ್ತಾರೆ, ಹಾಗಾಗಿ ಬೆಳಿಗ್ಗೆಯೇ ನಡೆದು ಹತ್ತಬೇಕು. ನೀರು, ಟೋಪಿ, ಒಂದು ಸ್ವೆಟರ್ ಇರಲಿ, ಮೇಲೆ ಹೋದಂತೆ ಮೋಡ ಕವಿದರೆ ಥಂಡಿ ಹತ್ತುತ್ತದೆ. ಸವಾರರು ಬರುವುದಕ್ಕೆ ಸುಮಾರು ಎರಡು ಗಂಟೆ ಮುಂಚೆ ಜಾಹೀರಾತಿನ ಗಾಡಿಗಳ ಮೆರವಣಿಗೆ ಬರುತ್ತದೆ, ಟೋಪಿ, ಬಿಸ್ಕತ್ತು, ಕೀ ಚೈನು ಎಸೆಯುತ್ತಾ ಹೋಗುತ್ತಾರೆ. ಆಮೇಲೆ ಹೆಲಿಕಾಪ್ಟರ್ ಸದ್ದು. ಕೆಳಗಿನ ತಿರುವುಗಳಿಂದ ಕೂಗು ಒಂದೊಂದೇ ಮೆಟ್ಟಿಲು ಹತ್ತಿದಂತೆ ಮೇಲಕ್ಕೆ ಬರುತ್ತದೆ.

ಮುಂದಿನವರನ್ನು ಎಲ್ಲರೂ ನೋಡುತ್ತಾರೆ. ನೀವು ಕೊನೆಯವರು ಬರುವ ತನಕ ನಿಲ್ಲಿ. ಗೆಲ್ಲುವವರು ದಾಟಿ ಅರ್ಧ ಗಂಟೆಯ ಮೇಲೆ ಅವರು ಬರುತ್ತಾರೆ. ಜರ್ಸಿ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ ಎದ್ದಿರುತ್ತದೆ. ಅವರ ಉಸಿರು ಕೇಳಿಸುತ್ತದೆ. ಹಿಂದೆ ಬರುವ ತಂಡದ ಕಾರುಗಳ ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ನಿಗದಿ ಮಾಡಿದ ಸಮಯದೊಳಗೆ ಮುಟ್ಟದಿದ್ದರೆ ರೇಸಿನಿಂದಲೇ ಹೊರಗೆ, ಹಾಗಾಗಿ ಗೆಲ್ಲುವ ಆಸೆ ಬಿಟ್ಟವರೂ ಗಡಿಯಾರದ ಜೊತೆ ಹೋರಾಡುತ್ತಿರುತ್ತಾರೆ. ಇದು ಟಿವಿಯಲ್ಲಿ ಕಾಣೋದೇ ಇಲ್ಲ, ಅಷ್ಟೊತ್ತಿಗೆ ಕ್ಯಾಮೆರಾ ಗೆದ್ದವನ ಹತ್ತಿರ ಹೋಗಿರುತ್ತದೆ.

ವೀಸಾ ವಿಷಯ. ಇದು ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ, ದೊಡ್ಡವರಿಗೆ 90 ಯೂರೊ, ಮೇಲೆ ಅರ್ಜಿ ಕೇಂದ್ರದ ಶುಲ್ಕ. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಬೇಸಿಗೆ ರಜೆಯಲ್ಲಿ ಅರ್ಜಿ ಕೊಡಲು ದಿನ ಸಿಗುವುದು ಕಷ್ಟ, ಅದಕ್ಕೇ ಜನವರಿ-ಫೆಬ್ರವರಿಯಲ್ಲೇ ಶುರು ಮಾಡಿ. ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚು ಭರಿಸುವ ಪ್ರವಾಸ ವಿಮೆ ಬೇಕೇ ಬೇಕು. ಬೆರಳಚ್ಚು ಕೊಡೋಕೆ ನೀವೇ ಹೋಗಬೇಕು. ಒಕ್ಕಲುತನ ಅಂತ ತಿರಸ್ಕರಿಸಲ್ಲ. ನೀವು ವಾಪಸ್ ಬರುತ್ತೀರಿ ಅನ್ನೋದಕ್ಕೆ ಹೊಲಕ್ಕಿಂತ ದೊಡ್ಡ ಸಾಕ್ಷಿ ಏನಿದೆ? ಪಹಣಿ ಉತಾರ, ಕಾರ್ಖಾನೆಯ ಕಬ್ಬಿನ ಬಿಲ್, ಆ ಬಿಲ್ ಜಮಾ ಆದ ಬ್ಯಾಂಕ್ ಪಾಸ್‌ಬುಕ್ಕಿನ ನಕಲು, ತಹಸೀಲ್ದಾರರ ಆದಾಯ ಪ್ರಮಾಣಪತ್ರ ಇಷ್ಟನ್ನೂ ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮಾಡಿಸಿ ಜೋಡಿಸಿ. ಅರ್ಜಿಯ ಹಿಂದಿನ ವಾರ ಎಲ್ಲಿಂದಲೋ ದೊಡ್ಡ ಮೊತ್ತ ತಂದು ಖಾತೆಗೆ ತುಂಬಬೇಡಿ, ಅದನ್ನೇ ಅವರು ಮೊದಲು ಪ್ರಶ್ನಿಸುವುದು.

ನವನಗರ_ಸೆಕ್ಟರ್, ಬಾಗಲಕೋಟೆ

ಎಲ್ಲಾ ಓದಿದೆ. ಒಂದು ವಿರೋಧದ ಮಾತು ಹೇಳಲೇಬೇಕು. ಒಬ್ಬ ಮನುಷ್ಯ ಫ್ರಾನ್ಸಿಗೆ ಹೋಗಿ ಬರುವ ಖರ್ಚಿನಲ್ಲಿ ಹಾಸ್ಟೆಲ್ಲಿನ ಒಂದು ಮಗುವಿಗೆ ಒಳ್ಳೆ ಸೈಕಲ್ ಬರುತ್ತದೆ. ವಿಜಯಪುರದ ವೆಲೊಡ್ರೋಮ್ (ಸೈಕಲ್ ರೇಸಿನ ಟ್ರ್ಯಾಕ್) ಕೆಲಸ ಎಷ್ಟು ವರ್ಷ ಎಳೆಯಿತು ಅನ್ನೋದು ನಮಗೆಲ್ಲ ಗೊತ್ತು. ಇಲ್ಲಿ ಸೌಲಭ್ಯ ಇಲ್ಲ, ನಾವು ಅಲ್ಲಿ ಹೋಗಿ ಬೇರೆಯವರಿಗೆ ಚಪ್ಪಾಳೆ ಹೊಡೆಯೋದು ನನಗೆ ಸರಿ ಕಾಣಲ್ಲ.

ಗಾಲಿ_ವಿಜಯಪುರ

ನಿಮ್ಮ ಮಾತಿನಲ್ಲಿ ಸತ್ಯ ಇದೆ ಸರ್, ಸುಮ್ನೆ ತಳ್ಳಿಹಾಕಲ್ಲ. ಆದರೆ ನನ್ನ ಅನುಭವ ಬೇರೆ. ಅಲ್ಲಿ ಹೋಗುವ ಮುಂಚೆ ನಾನು ನಮ್ಮ ಹುಡುಗರ ರೇಸ್ ನೋಡಲು ಗುರಿಯ ಹತ್ತಿರ ಹತ್ತು ನಿಮಿಷ ನಿಂತು ಬರುತ್ತಿದ್ದೆ. ಅಲ್ಲಿ ಅಜ್ಜ ಅಜ್ಜಿಯರು ಕೂಡ ಮಡಚುವ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಕಾದು, ಕೊನೆಯವನಿಗೂ ಹೆಸರು ಹಿಡಿದು ಕೂಗುವುದನ್ನು ನೋಡಿದೆ. ಬಂದ ಮೇಲೆ ನಾವು ಕೆಲವರು ಸೇರಿ ಸೋಲಾಪುರ ರಸ್ತೆಯಲ್ಲಿ ಹುಡುಗರು ಅಭ್ಯಾಸ ಮಾಡುವಾಗ ನೀರಿನ ಬಾಟಲಿ, ಬಾಳೆಹಣ್ಣು ಹಿಡಿದು ನಿಲ್ಲುತ್ತೇವೆ, ಹಿಂದಿನಿಂದ ಲಾರಿ ಬಂದರೆ ಸನ್ನೆ ಮಾಡುತ್ತೇವೆ. ಬೈಕಿನಲ್ಲಿ ಹಿಂದೆ ಹೋಗಲು ಒಬ್ಬರು ಇದ್ದೇ ಇರುತ್ತಾರೆ. ಹೋಗದಿದ್ದರೆ ಇದು ನನ್ನ ತಲೆಗೇ ಬರುತ್ತಿರಲಿಲ್ಲ.

ನವನಗರ_ಸೆಕ್ಟರ್, ಬಾಗಲಕೋಟೆ

ಇದು ಒಪ್ಪುವ ಮಾತು. ಬಾಗಲಕೋಟೆ ಕಡೆಯೂ ಹಾಗೆ ಮಾಡುವುದಿದ್ದರೆ ತಿಳಿಸಿ, ನಾನೂ ಬರ್ತೀನಿ.

ಕೆಂಪುಮಣ್ಣು_ಜಮಖಂಡಿ

ಕುಸ್ತಿಯವರನ್ನು ಯಾರೂ ನೆನಸಲಿಲ್ಲವಲ್ಲ! ಮುಧೋಳದ ಅಣ್ಣಾ, ನಿಮಗೆ ಜೂನ್ ಕೊನೆ, ಜುಲೈ ಮೊದಲ ವಾರ ಸರಿಹೊಂದುವುದಾದರೆ ಟರ್ಕಿಯ ಎಡಿರ್ನೆ ಊರಿನ ಕಿರ್ಕ್‌ಪಿನಾರ್ ಕುಸ್ತಿ ನೋಡಬೇಕು. ಬೆಳಗಾವಿಯ ಆನಂದವಾಡಿ ಆಖಾಡದಲ್ಲಿ ಹಲಗಿ ಸದ್ದಿಗೆ ಮೈ ನವಿರೇಳಿಸಿಕೊಂಡವರು ಅಲ್ಲಿ ಹೋದರೆ ಎದ್ದು ಬರೋಕೆ ಮನಸ್ಸಾಗಲ್ಲ.

ನೂರಾರು ವರ್ಷಗಳ ಕುಸ್ತಿ ಅದು, 2010ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ನಮ್ಮಲ್ಲಿ ಮಣ್ಣು, ಅಲ್ಲಿ ಹುಲ್ಲು. ಪೈಲ್ವಾನರು ಮೊಣಕಾಲ ಕೆಳಗಿನವರೆಗೆ ಬರುವ ಬಿಗಿಯಾದ ಚರ್ಮದ ಚಡ್ಡಿ ತೊಟ್ಟು, ತಲೆಯಿಂದ ಕಾಲಿನವರೆಗೆ ಆಲಿವ್ ಎಣ್ಣೆ ಸುರಿದುಕೊಳ್ಳುತ್ತಾರೆ. ಎದುರಾಳಿಗೂ ತಾವೇ ಬೆನ್ನಿಗೆ ಎಣ್ಣೆ ಹಚ್ಚಿ ಕೊಡುತ್ತಾರೆ. ಹಿಡಿದ ಪಟ್ಟು ಜಾರುತ್ತದೆ, ಹಾಗಾಗಿ ಚಡ್ಡಿಯ ಅಂಚಿನೊಳಗೆ ಕೈ ಹಾಕಿ ಹಿಡಿಯಲು ಅವಕಾಶ ಇದೆ. ಹೊಟ್ಟೆ ಆಕಾಶ ನೋಡುವಂತೆ ಚಿತ್ ಮಾಡಿದರೆ ಗೆಲುವು, ಇಲ್ಲವೇ ಎತ್ತಿಕೊಂಡು ಮೂರು ಹೆಜ್ಜೆ ನಡೆದರೂ ಗೆಲುವು. ಒಂದೇ ಮೈದಾನದಲ್ಲಿ ಎಷ್ಟೋ ಜೋಡಿ ಒಟ್ಟಿಗೇ ಹಿಡಿದಿರುತ್ತವೆ. ಪಕ್ಕದಲ್ಲಿ ಡೋಲು, ನಮ್ಮ ಸನಾದಿಯಂಥ ವಾದ್ಯ ಇಡೀ ದಿನ. ಕುಸ್ತಿ ಬಿಡುವ ಮುಂಚೆ ಒಬ್ಬರು ನಿಂತು ಪೈಲ್ವಾನರ ಹೆಸರು, ಊರು, ಹೊಗಳಿಕೆ ಪದ್ಯದಲ್ಲಿ ಹೇಳುತ್ತಾರೆ. ದೊಡ್ಡ ಕುಸ್ತಿ ಗೆದ್ದವನಿಗೆ ಬಂಗಾರದ ಬೆಲ್ಟ್. ಬಿಡದೆ ಮೂರು ವರ್ಷ ಗೆದ್ದರೆ ಬೆಲ್ಟ್ ಅವನದೇ ಆಗುತ್ತದೆ.

ಇಸ್ತಾಂಬುಲ್‌ನಿಂದ ಎಡಿರ್ನೆಗೆ ಬಸ್ಸಿನಲ್ಲಿ ಹೋಗಬಹುದು, ಇಲ್ಲಿಂದ ಸೋಲಾಪುರ ದಾಟಿ ಹೋದಷ್ಟು ಹೊತ್ತು ಅಷ್ಟೇ. ಆದರೆ ಆ ವಾರ ಊರಲ್ಲಿ ರೂಮು ಸಿಗುವುದು ಕಷ್ಟ, ಮೊದಲೇ ಹಿಡಿಯಬೇಕು. ಇನ್ನೊಂದು, ಷೆಂಗೆನ್, ಬ್ರಿಟನ್, ಐರ್ಲೆಂಡ್ ಅಥವಾ ಅಮೆರಿಕದ ಚಾಲ್ತಿ ವೀಸಾ ಇದ್ದ ಭಾರತೀಯರಿಗೆ ಟರ್ಕಿಯ ಇ-ವೀಸಾ ಸಿಗುತ್ತದೆ. ಅಂದರೆ ಗಾಲಿಯವರು ಹೇಳಿದಂತೆ ಫ್ರಾನ್ಸ್ ವೀಸಾ ಮಾಡಿಸಿ, ಅದು ಕುಸ್ತಿಯ ದಿನಕ್ಕೂ ಚಾಲ್ತಿಯಲ್ಲಿದ್ದರೆ ಮೊದಲು ಕುಸ್ತಿ, ಆಮೇಲೆ ಸೈಕಲ್, ಎರಡೂ ಒಂದೇ ಸುತ್ತಿನಲ್ಲಿ ಆಗುತ್ತದೆ. ನಾನಾದರೆ ಹಾಗೇ ಮಾಡುವವನು.

ಅವ್ವನ_ಜೋಡಿ, ಬೆಳಗಾವಿ

ಅಣ್ಣಂದಿರೇ, ಹೆಣ್ಣುಮಕ್ಕಳೂ ಹೋಗಿ ಬಂದಿದ್ದೇವೆ ಅಂತ ಹೇಳೋಕೆ ಬರೆಯುತ್ತಿದ್ದೇನೆ. 2025ರ ಮಹಿಳಾ ವಿಶ್ವಕಪ್‌ನಲ್ಲಿ ಭಾರತ-ಪಾಕಿಸ್ತಾನ ಪಂದ್ಯ ಅಕ್ಟೋಬರ್ 5ರಂದು ಕೊಲಂಬೊದ ಪ್ರೇಮದಾಸ ಸ್ಟೇಡಿಯಂನಲ್ಲಿತ್ತು. ನಾನು, ನಮ್ಮವ್ವ ಇಬ್ಬರೇ ಹೋಗಿದ್ದೆವು. ಅವ್ವ ಮನೆಯಲ್ಲಿ ಅಡುಗೆ ಮಾಡುತ್ತಾ ಕಿವಿಯಿಂದಲೇ ಕ್ರಿಕೆಟ್ ಕಲಿತವಳು, ಸ್ಟೇಡಿಯಂ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಮೈದಾನಕ್ಕೆ ಹುಳಗಳು ಮುತ್ತಿ ಆಟ ನಿಲ್ಲಿಸಿ ಹೊಗೆ ಹಾಕಿದರಲ್ಲ, ಅದನ್ನೂ ಕಣ್ಣಾರೆ ನೋಡಿದೆವು. ಭಾರತ 88 ರನ್‌ಗಳಿಂದ ಗೆದ್ದಿತು. ಪಕ್ಕದಲ್ಲಿ ಕೂತ ಲಂಕಾದ ಹೆಂಗಸರು ಅವ್ವನ ಜೊತೆ ಭಾಷೆಯೇ ಇಲ್ಲದೆ ಮೂರು ತಾಸು ಮಾತಾಡಿದರು.

ಊಟದ ಬಗ್ಗೆ ಯಾರೂ ಹೇಳಲಿಲ್ಲ. ನಾವು ಶಾಖಾಹಾರಿಗಳು. ಅಲ್ಲಿ ಅನ್ನ, ಬೇಳೆ, ಪಲ್ಯ ಧಾರಾಳ ಸಿಗುತ್ತದೆ, ಆದರೆ ತೆಂಗಿನಕಾಯಿ ಸಂಬಲ್‌ನಲ್ಲಿ ಒಣಮೀನಿನ ಚೂರು ಬೆರೆಸುವುದು ರೂಢಿ. ನೋಡಿದರೆ ನಮ್ಮ ಚಟ್ನಿಯ ಹಾಗೇ ಕಾಣುತ್ತದೆ. ಪ್ರತಿ ಕಡೆ ಕೇಳಿಯೇ ಹಾಕಿಸಿಕೊಳ್ಳಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಜೊತೆಗಿದ್ದರೆ ಚಿಂತೆಯೇ ಇಲ್ಲ.

ಐದನೇ_ದಿನ, ಟಿಳಕವಾಡಿ

ತಂಗಿ, ಒಳ್ಳೆ ವಿಷಯ ಎತ್ತಿದಿ. ಇದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಬೆಳಗಾವಿಯವರು ಎಲ್ಲಿ ಹೋದರೂ ಕುಂದಾ ಕಟ್ಟಿಸಿಕೊಂಡು ಹೋಗುತ್ತಾರೆ. ಯುರೋಪಿಗೆ, ಆಸ್ಟ್ರೇಲಿಯಾಕ್ಕೆ ಒಯ್ಯಬೇಡಿ. ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಡಿಸೆಂಬರ್ 26ಕ್ಕೆ ಶುರುವಾಗುವ ಬಾಕ್ಸಿಂಗ್ ಡೇ ಟೆಸ್ಟಿಗೆ ಅಂತ ಮೆಲ್ಬರ್ನ್‌ಗೆ ಹೋಗುವವರು ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿನ್ನುವ ಪ್ರತಿಯೊಂದನ್ನೂ ಬರೆಯಲೇಬೇಕು, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ದೊಡ್ಡದು.

ಆಫ್‌ಸ್ಪಿನ್ ತಮ್ಮಾ, ದಕ್ಷಿಣ ಆಫ್ರಿಕಾದ ಮಾತೂ ಹೇಳಿಬಿಡುತ್ತೇನೆ. ಅದು ದೊಡ್ಡ ದೇಶ. ಕೇಪ್‌ಟೌನ್‌ನಿಂದ ಜೋಹಾನ್ಸ್‌ಬರ್ಗ್ ಸುಮಾರು 1,400 ಕಿಲೋಮೀಟರ್. ಭಾರತ ತಂಡದ ಹಿಂದೆ ಊರೂರು ಓಡಿದರೆ ಭಿಶಿ ದುಡ್ಡೆಲ್ಲ ವಿಮಾನಕ್ಕೇ ಹೋಗುತ್ತದೆ. ಜೋಹಾನ್ಸ್‌ಬರ್ಗ್‌ನಲ್ಲಿ ಮನೆ ಹಿಡಿದರೆ ವಾಂಡರರ್ಸ್ ಮೈದಾನ ಅಲ್ಲೇ, ಇನ್ನೊಂದು ಮೈದಾನವಿರುವ ಸೆಂಚುರಿಯನ್‌ಗೆ ಗೌಟ್ರೇನ್ ಎನ್ನುವ ರೈಲು ಇದೆ. 2007ರ ಟಿ20 ಫೈನಲ್‌ನಲ್ಲಿ ಭಾರತ 5 ರನ್‌ಗಳಿಂದ ಗೆದ್ದದ್ದು ವಾಂಡರರ್ಸ್‌ನಲ್ಲಿ. ಅದೇ ಮೈದಾನದಲ್ಲಿ 2003ರ ಫೈನಲ್ ಸೋತು ಅತ್ತವರು ನಾವು. ಆ ಎರಡು ಮೈದಾನದಲ್ಲಿ ಯಾರ ಪಂದ್ಯ ಇದ್ದರೂ ನೋಡಿ. ಸೆಂಚುರಿಯನ್‌ನಲ್ಲಿ ಹುಲ್ಲಿನ ದಿಬ್ಬದ ಮೇಲೆ ಚಾದರ ಹಾಸಿ ಕೂತು ನೋಡಬಹುದು. 14 ತಂಡ ಆಡುತ್ತವೆ, ಭಾರತದ್ದಲ್ಲದ ಪಂದ್ಯದ ಟಿಕೆಟ್ ಬಹಳ ಸುಲಭವಾಗಿ ಸಿಗುತ್ತದೆ, ಆಟವೂ ನೆಮ್ಮದಿಯಿಂದ ಕಾಣುತ್ತದೆ.

ಅಗ್ಗ ಅಂತ ಆಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುವ ವಿಮಾನ ಹಿಡಿದರೆ ಹಳದಿ ಜ್ವರದ ಲಸಿಕೆ ವಿಷಯ ನೆನಪಿರಲಿ. ಅಲ್ಲಿ 12 ಗಂಟೆಗಿಂತ ಜಾಸ್ತಿ ತಂಗಿದರೆ ದಕ್ಷಿಣ ಆಫ್ರಿಕಾದವರು ಪ್ರಮಾಣಪತ್ರ ಕೇಳುತ್ತಾರೆ. ಏರ್‌ಪೋರ್ಟ್ ಬಿಟ್ಟು ಹೊರಗೆ ಹೋಗಿದ್ದರೆ ವಾಪಸ್ ಬರುವಾಗ ನಮ್ಮವರೂ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಪ್ರಮಾಣಪತ್ರ ಚಾಲ್ತಿಗೆ ಬರಲು 10 ದಿನ ಬೇಕು. ಕೊನೇ ವಾರಕ್ಕೆ ಬಿಡಬೇಡಿ.

ಆಟೋನಗರ_ಆಫ್‌ಸ್ಪಿನ್, ಬೆಳಗಾವಿ

ಎಲ್ಲರಿಗೂ ಬಹಳ ಥ್ಯಾಂಕ್ಸ್‌ರೀ. ನಿನ್ನೆ ರಾತ್ರಿ ಗೆಳೆಯರೆಲ್ಲ ಕೂತು ಇಡೀ ಚರ್ಚೆ ಜೋರಾಗಿ ಓದಿದೆವು. ಏಜೆಂಟರಿಗೆ ಬೇಡ ಅಂದೆವು. ಮೊದಲು ಗಾಲೆ, ಕೋಟೆ ಮೇಲೆ ಒಂದು ದಿನ, ಸ್ಟ್ಯಾಂಡಿನಲ್ಲಿ ಉಳಿದ ದಿನ. ಭಿಶಿ ನಿಲ್ಲಿಸಲ್ಲ, 2027ಕ್ಕೆ ಜೋಹಾನ್ಸ್‌ಬರ್ಗ್ ಒಂದೇ ಊರು. ನಮ್ಮಲ್ಲೊಬ್ಬ ಮಾತ್ರ ಕುಸ್ತಿ ಓದಿದ ಮೇಲೆ ಎಡಿರ್ನೆ ಎಡಿರ್ನೆ ಅಂತಿದ್ದಾನೆ, ಅವನನ್ನು ಜಮಖಂಡಿಯವರ ಜೊತೆ ಹಾಕುತ್ತೇವೆ. ಪಾಸ್‌ಪೋರ್ಟ್ ಇಲ್ಲದವರು ಎಲ್ಲಿ ಹೋಗಬೇಕು, ಹುಬ್ಬಳ್ಳಿಗಾ?

ಅವ್ವನ_ಜೋಡಿ, ಬೆಳಗಾವಿ

ಬೇಕಿಲ್ಲ ಅಣ್ಣಾ, ಬೆಳಗಾವಿಯಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, 1,500 ರೂಪಾಯಿ ಕಟ್ಟಿ, ದಿನ ಆರಿಸಿಕೊಳ್ಳಿ. ಹೋಗುವ ಮುಂಚೆ ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಖು ಒಂದೇ ಇದೆಯಾ ನೋಡಿ. ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ದುಬೈ ಕಡೆ ವಿಸಿಟ್ ವೀಸಾದಲ್ಲಿ ಹೋಗೋಕೆ ತೊಂದರೆ ಆಗುತ್ತದೆ. ನಮ್ಮವ್ವನದು ಆಧಾರ್‌ನಲ್ಲಿ ತವರಿನ ಅಡ್ಡಹೆಸರಿತ್ತು, ಮೊದಲು ಅದನ್ನು ಸರಿ ಮಾಡಿಸಿಯೇ ಅರ್ಜಿ ಹಾಕಿದೆವು. ಪೊಲೀಸ್ ವೆರಿಫಿಕೇಶನ್‌ಗೆ ಬಂದಾಗ ಮನೆಯಲ್ಲಿರಿ. ಗಾಲೆ ತಾರೀಖು ಗಟ್ಟಿಯಾದ ಮೇಲೆ ಇಲ್ಲಿ ಹಾಕಿ, ಅವ್ವ ಟೆಸ್ಟ್ ನೋಡಬೇಕು ಅಂತಿದ್ದಾಳೆ, ನಾವೂ ಬರ್ತೀವಿ.